ಕಣ್ಣು ಮುಚ್ಚಿ ಆರಿಸಿದ ಇಂಜಿನ್ನು

ಐದಾಳು ಸೇರಿದರೂ ಅಲುಗದ ಡೀಸೆಲ್ ಇಂಜಿನ್ನೊಂದನ್ನು ನಾನೊಬ್ಬನೇ ಹೆಗಲ ಮೇಲೆ ಹೊತ್ತು, ಸೊಂಟದುದ್ದದ ನೀರಿನಲ್ಲಿ ಸಿಳ್ಳೆ ಹಾಕುತ್ತ ನಡೆದು ದಡ ಮುಟ್ಟಿಸಿದ ಸಂಗತಿಯನ್ನು ಓದುಗರು ಈಗಾಗಲೇ ಕೇಳಿರುತ್ತಾರೆ. ಕೇಳಿರದಿದ್ದರೆ ತಪ್ಪು ನನ್ನದಲ್ಲ. ನಾನು ಎಲ್ಲರಿಗೂ ಹೇಳಿದ್ದೇನೆ. ಆದರೆ ಆ ಇಂಜಿನ್ನನ್ನು ಹುಡುಕಿದ ಕೀರ್ತಿ ಇಂದು ನಿವೃತ್ತರಾಗುತ್ತಿರುವ ನಮ್ಮ ದೋಣಿಕಟ್ಟೆಯ ಮೇಲ್ವಿಚಾರಕರದು. ಯಂತ್ರದ ಕಾಯಿಲೆಯನ್ನು ಬಿಚ್ಚಿ ನೋಡುವವರು ಜಲಸಾರಿಗೆಯಲ್ಲಿ ಬಹಳ ಮಂದಿ ಇದ್ದಾರೆ. ಕೇಳಿಯೇ ತಿಳಿಯುವವರು ಇವರೊಬ್ಬರೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ ನಿಲ್ಲುವ ಅವರ ಭಂಗಿಯಿಂದಲೇ ಅವರಿಗೆ ‘ಕಿವಿ ಸಾಹೇಬರು’ ಎಂಬ ಬಿರುದು ಬಂತು. ಸಾಹೇಬರು ಕಣ್ಣು ಮುಚ್ಚಿದಾಗ ಸಿಬ್ಬಂದಿಯೂ ಕಣ್ಣು ಮುಚ್ಚುವುದು ನಮ್ಮ ಕಟ್ಟೆಯ ಶಿಸ್ತು.

ನಾನು ಚಾಲಕನಾಗಿ ಸೇರಿದ ಮೊದಲ ವಾರವೇ ‘ಅಜ್ಜಿ’ ಎಂದು ಎಲ್ಲರೂ ಕರೆಯುತ್ತಿದ್ದ ಹಳೆಯ ಮೋಟಾರು ದೋಣಿಯನ್ನು ಕಟ್ಟೆಗೆ ಗುದ್ದಿಸಿದೆ. ವಿಚಾರಣೆಗೆ ಬಂದವರಿಗೆ ಸಾಹೇಬರು, "ಕಟ್ಟೆ ಸ್ವಲ್ಪ ಮುಂದಕ್ಕೆ ಬಂದಿದೆ ಸಾರ್, ಮೊದಲಿಂದಲೂ ಹಾಗೇ" ಎಂದು ವಿನಯದಿಂದ ವಿವರಿಸಿದರು. ಅಂದಿನಿಂದ ನಾನು ಅವರ ಆಳು.

ಅಜ್ಜಿಯ ಇಂಜಿನ್ನು ಕೊನೆಯುಸಿರೆಳೆದ ವರ್ಷ ಮೇಲಿನ ಕಚೇರಿ ಕಡ್ಡಿ ಮುರಿದಂತೆ ಹೇಳಿತು: ತಿಂಗಳ ಕೊನೆಗೆ ನೀರಿನ ಮೇಲೆ ನಡೆಯುವ ಪರೀಕ್ಷೆಯಲ್ಲಿ ದೋಣಿ ಆಚೆ ದಡ ಮುಟ್ಟದಿದ್ದರೆ ಅದು ಗುಜರಿಗೆ, ದೋಣಿ ದಾಟುವ ಕಡವಿಗೆ ಬೀಗ. ಆಚೆ ದಡದ ಶಾಲೆಯ ಮಕ್ಕಳೂ ಹೆರಿಗೆಯ ನರ್ಸಮ್ಮನೂ ಅರ್ಧ ದಿನ ರಸ್ತೆ ಸುತ್ತಬೇಕಾಗುತ್ತಿತ್ತು. ಆ ಇಂಜಿನ್ನು ಮಾಡುತ್ತಿದ್ದ ಕಂಪನಿಯೋ ಅಜ್ಜಿಗಿಂತ ಮೊದಲೇ ಕಣ್ಣು ಮುಚ್ಚಿತ್ತು.

ಸಾಹೇಬರೂ ನಾನೂ ಭೂಮಂಡಲದ ಅರ್ಧದಷ್ಟು ಗುಜರಿ ಅಂಗಡಿಗಳನ್ನು ಜಾಲಾಡಿದೆವು. ಹಿಟ್ಟಿನ ಗಿರಣಿಯ ಇಂಜಿನ್ನಿಗೆ ಕಿವಿಗೊಟ್ಟು, "ಇದಕ್ಕೆ ಒಣಕೆಮ್ಮು" ಎಂದರು. ಹೊಸದಾಗಿ ಬಣ್ಣ ಬಳಿದಿದ್ದ ಇನ್ನೊಂದಕ್ಕೆ, "ಇದು ವಯಸ್ಸು ಮುಚ್ಚಿಡ್ತಾ ಇದೆ" ಎಂದರು. "ಸಂಬಂಧ ನೋಡೋಕೆ ಬಂದಿದ್ದೀರೋ, ಇಂಜಿನ್ ನೋಡೋಕೋ?" ಎಂದು ಅಂಗಡಿಯವನು ಕೇಳಿದ. "ಎರಡೂ ಒಂದೇ ಕಣಪ್ಪ. ಮನೆಗೆ ಬಂದ ಮೇಲೆ ವಾಪಸ್ ಕಳಿಸೋ ಹಾಗಿಲ್ಲ" ಎಂದರು ಸಾಹೇಬರು.

ಕಡೆಗೆ, ಗುಜರಿಗೆಂದು ಒಡೆಯುತ್ತಿದ್ದ ಮೀನುಗಾರಿಕೆಯ ದೋಣಿಯೊಂದರಲ್ಲಿದ್ದ ಜೋಡಿ ಇಂಜಿನ್ನುಗಳಲ್ಲಿ ಎಡಗಡೆಯದು ಒಪ್ಪಿಗೆಯಾಯಿತು. ಸಾಹೇಬರು ಕಣ್ಣು ಮುಚ್ಚಿದರು; ನಾವೂ ಮುಚ್ಚಿದೆವು. ಉಸಿರು ಬಂಗಾರದಂತಿತ್ತು. ಅದರ ಚಕ್ರ ಯಾವ ಕಡೆಗೆ ತಿರುಗುತ್ತಿದೆಯೆಂದು ನೋಡಲು ಅಲ್ಲಿ ತೆರೆದ ಕಣ್ಣು ಒಂದೂ ಇರಲಿಲ್ಲ. ಇಂಜಿನ್ನು ತೆಪ್ಪದ ಮೇಲೆ ಹೊರಟಿತು. ನಮ್ಮ ದಡದ ಬಳಿ ತೆಪ್ಪ ಕೆಸರಿಗೆ ಕಚ್ಚಿತು. ಆಗಲೇ ಮೇಲೆ ಹೇಳಿದ ನನ್ನ ಹೆಗಲಿನ ಸಾಹಸ ನಡೆಯಿತು.

ಪರೀಕ್ಷೆಯ ದಿನ ಅಧಿಕಾರಿ ದೋಣಿಯ ಮೂತಿಯ ಕಡೆಗೆ ಮುಖ ಮಾಡಿ ಗಂಭೀರವಾಗಿ ಕುಳಿತರು. ನಾನು ಗೇರನ್ನು ಮುಂದಕ್ಕೆ ಒತ್ತಿದೆ. ಅಜ್ಜಿ ಘನತೆಯಿಂದ ಹಿಂದಕ್ಕೆ ಹೊರಟಳು. ಜೋಡಿಯಲ್ಲಿ ಎಡಗಡೆಯ ಇಂಜಿನ್ನು ಉಲ್ಟಾ ತಿರುಗುತ್ತದೆಂಬುದು ನಮಗೆ ಹೊಳೆದದ್ದು ಆಗ. ಹಿಮ್ಮುಖ ಗೇರು ಹಾಕಿ ಸರಿಪಡಿಸೋಣವೆಂದರೆ ಅಜ್ಜಿಯ ಆ ಗೇರು ಎಂದೋ ಸತ್ತಿತ್ತು.

"ಏನ್ರೀ ಇದು?" ಎಂದರು ಅಧಿಕಾರಿ.

"ಆಚೆ ದಡ ಮುಟ್ಟಬೇಕು ಅಂತ ತಾನೆ ಸಾರ್ ಆದೇಶ? ಯಾವ ಕಡೆಯಿಂದ ಅಂತ ಬರೆದಿಲ್ಲವಲ್ಲ. ತಾವು ಸ್ವಲ್ಪ ಈ ಕಡೆ ತಿರುಗಿ ಕೂತರೆ ಎಲ್ಲ ಸರಿಹೋಗುತ್ತೆ" ಎಂದರು ಸಾಹೇಬರು.

ಅಧಿಕಾರಿ ಆದೇಶದ ಪ್ರತಿ ತೆಗೆದು ಒಮ್ಮೆ ಓದಿದರು. ಆಮೇಲೆ ತಿರುಗಿ ಕುಳಿತರು. ಅಜ್ಜಿ ಬೆನ್ನು ಮುಂದಾಗಿ ಆಚೆ ದಡ ಮುಟ್ಟಿದಳು, ಕಡವು ಉಳಿಯಿತು. ಆ ಉಲ್ಟಾ ತಿರುಗಿಗೆ ಹೊಂದುವ, ನೀರು ತಳ್ಳುವ ಪಂಖವನ್ನೂ ಅದೇ ಮೀನು ದೋಣಿಯ ಎಡಗಡೆಯಿಂದ ತಂದು ಜೋಡಿಸುವವರೆಗೆ ಶಾಲೆಯ ಮಕ್ಕಳು ಹಿಂದುಮುಂದಾಗಿ ಪ್ರಯಾಣಿಸಿದರು. ಅವರಿಗೆ ಅಷ್ಟು ಖುಷಿಯಾದ ದಿನಗಳು ಮತ್ತೆ ಬರಲಿಲ್ಲ.

ಇಷ್ಟು ಬರೆದು, ಸಾಹೇಬರ ಕಿವಿ ಇನ್ನೂ ನೂರು ಇಂಜಿನ್ನುಗಳ ಉಸಿರು ಕೇಳಲಿ, ವಾರಕ್ಕೊಮ್ಮೆಯಾದರೂ ಅವರು ಕಟ್ಟೆಗೆ ಬಂದು ನಮ್ಮನ್ನು ಬೈಯಲಿ, ಆಯುಷ್ಯ ಅವರಿಗೆ ಅಜ್ಜಿಯ ಹಾಗೆ ಗಟ್ಟಿಯಾಗಿರಲಿ ಎಂದು ಹಾರೈಸಿ, ಲೇಖನವನ್ನು ಹೆಮ್ಮೆಯಿಂದ ನನ್ನ ಹೆಂಡತಿಯ ಕೈಗಿತ್ತೆ. ಅವಳು ಮೊದಲ ಸಾಲನ್ನು ಎರಡು ಸಲ ಓದಿದಳು.

"ಸೊಂಟದುದ್ದ ನೀರಲ್ಲಿ ನಡೆದು ಬಂದವರ ಪ್ಯಾಂಟು ಹೇಗ್ರೀ ಒಣಗೇ ಇತ್ತು? ಒಗೆದವಳು ನಾನು. ಕಾಲಿಗೆ ಸಾಹೇಬರ ಕರ್ಚೀಫು ಬೇರೆ ಕಟ್ಟಿತ್ತು. ಬಿಚ್ಚಿದರೆ ಒಳಗೆ ಒಂದು ಗೀರೂ ಇರಲಿಲ್ಲ."

ಇನ್ನು ಮುಚ್ಚಿಟ್ಟು ಫಲವಿಲ್ಲ. ಇಂಜಿನ್ನನ್ನು ದಡಕ್ಕೆಳೆದದ್ದು ಕ್ರೇನು. ಉಳಿದವರೆಲ್ಲ ನೀರಿಗಿಳಿದು ನಡೆದರು. ತೆಪ್ಪದ ಅಂಚನ್ನು ಕಚ್ಚಿ ಹಿಡಿದು ಉಳಿದವನು ನಾನೊಬ್ಬ. ಮೋಟಾರು ದೋಣಿಯ ಚಾಲಕನಾದ ನನಗೆ ಈಜು ಬರುವುದಿಲ್ಲ, ಸೊಂಟದುದ್ದದ ನೀರಿಗೂ ಇಳಿಯಲಾರೆ. ಅದು ಸಾಹೇಬರಿಗೆ ಹೇಗೆ ತಿಳಿಯಿತೋ ಕಾಣೆ. ನನ್ನ ಎದೆಗೂ ಅವರು ಯಾವಾಗಲೋ ಸ್ಕ್ರೂಡ್ರೈವರ್ ಇಟ್ಟಿರಬೇಕು. ವಾಪಸ್ ಬಂದು, ನನ್ನ ಕಾಲಿಗೆ ಕರ್ಚೀಫು ಬಿಗಿದು, ಬೆನ್ನು ತಿರುಗಿಸಿ, "ಹತ್ತು. ಹೆಗಲ ಮೇಲೆ ಕೂತ್ಕೋ" ಎಂದರು. ದಡದಲ್ಲಿದ್ದವರಿಗೆ, "ಪಾಪ, ಇವನ ಕಾಲಿಗೆ ಏಟಾಗಿದೆ" ಎಂದರು. ಇಂದಿನವರೆಗೂ ಯಾರ ಮುಂದೆಯೂ ಬೇರೆ ಮಾತಾಡಿಲ್ಲ.

ಸಿಳ್ಳೆ ಹಾಕಿದ್ದು ಮಾತ್ರ ನಾನೇ.