ಮಾವನ ಸುತ್ತಲಿನ ಶೇಂಗಾ

ಫ್ರಿಜ್ಜಿನಲ್ಲಿ ಹುಳು ಕಂಡರೆ ಯಾರಾದರೂ ಎತ್ತಿ ಎಸೆಯುತ್ತಾರೆ. ನಾನು ದುಡ್ಡು ಕೊಟ್ಟು ತಂದು ಇಟ್ಟಿದ್ದೆ. ಮೊಸರಿನ ಪಕ್ಕ ಆ ಪೊಟ್ಟಣ ಕಂಡಂದಿನಿಂದ ಹೆಂಡತಿ ಮೊಸರನ್ನೇ ಬಿಟ್ಟಳು. ಅವು ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಗಳು. ನೀರಿನಲ್ಲಿ ಕಲಸಿ ಹೊಲಕ್ಕೆ ಹೊಯ್ದರೆ ಸಾಕು, ಶೇಂಗಾದ ಬೇರು ಕಡಿಯುವ ಗೊಣ್ಣೆಹುಳುವನ್ನು ಹುಡುಕಿ, ಮೈಯೊಳಗೆ ಹೊಕ್ಕು, ಒಳಗಿನಿಂದಲೇ ಮುಗಿಸುತ್ತವೆ. ಅಂಥ ಶೂರರಿಗೂ ಬಿಸಿಲು ತಡೆಯಲಾಗದು. ಅದಕ್ಕೇ ಊಟದ ಡಬ್ಬಿಯಲ್ಲಿ ಐಸಿನ ನಡುವೆ ಇಟ್ಟು, ಒದ್ದೆ ಟವೆಲ್ ಸುತ್ತಿ, ಯಾದಗಿರಿಯಿಂದ ಶಹಾಪುರ, ಸುರಪುರ ದಾಟಿ ದೇವಾಪುರದವರೆಗೆ ತೊಡೆಯ ಮೇಲೆ ಕೂರಿಸಿಕೊಂಡು ಹೋದೆ. ಲಕ್ಷಾಂತರ ಪ್ರಯಾಣಿಕರು, ಒಂದೇ ಟಿಕೆಟ್.

ಇಷ್ಟೆಲ್ಲ ಅಕ್ಕನಿಗಾಗಿ. ಹೋದ ವರ್ಷ ಅವಳ ಗಂಡ, ನಮ್ಮ ಮಾವ, ತೀರಿಕೊಂಡರು. ನಮ್ಮಲ್ಲಿ ಸತ್ತವರನ್ನು ಅವರ ಹೊಲದಲ್ಲೇ ಮಣ್ಣು ಮಾಡುವುದು ರೂಢಿ. ಈ ಸಲ ಶೇಂಗಾಕ್ಕೆ ಗೊಣ್ಣೆಹುಳು ಬಿದ್ದಾಗ ಊರವರೆಲ್ಲ ಎಣ್ಣೆ ಹಾಕು ಎಂದರು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ಅವರು ಮಲಗಿದ ಮಣ್ಣಿಗೆ ವಿಷ ಹಾಕುವುದಿಲ್ಲ ಎಂದು ಅಕ್ಕ ಹಟ ಹಿಡಿದಳು. ಬೆಳೆ ಹೋದರೆ ಮಗ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಡುವವನಿದ್ದ. ಆಮೇಲೆ ದಿನಾ ಮಾವನ ಹತ್ತಿರ ಹೋಗಿ ಕೂಡಲು ಅವಳಿಗೆ ನೆಪವೂ ಉಳಿಯುತ್ತಿರಲಿಲ್ಲ.

ಹೊತ್ತು ಇಳಿದ ಮೇಲೆ ಕೊಡದಲ್ಲಿ ಆ ಜಂತುಗಳ ಪುಡಿ ಕಲಸುತ್ತ, ಓದಿದ್ದನ್ನೆಲ್ಲ ಉತ್ಸಾಹದಿಂದ ಒಪ್ಪಿಸಿದೆ: ಮೈಯೊಳಗೆ ಹೊಗುವುದು, ತಿನ್ನುವುದು, ಅಲ್ಲೇ ಮರಿ ಮಾಡುವುದು. ಬಾಯಿ ಮುಚ್ಚಿಕೊಂಡಿರುವ ವಿದ್ಯೆಯೊಂದು ನನಗೆ ಬಂದಿಲ್ಲ. ಅಕ್ಕ ಸಮಾಧಿಯ ಕಡೆ ನೋಡಿದಳು.

"ತಮ್ಮಾ, ಮಣ್ಣಾಗ ಇಳದ ಮ್ಯಾಲ ಅವು ಇವರನ್ನ ಬಿಡ್ತಾವೇನು?"

ಅವು ಕೀಟಗಳನ್ನಷ್ಟೇ ಮುಟ್ಟುತ್ತವೆ, ಮನುಷ್ಯರ ಗೊಡವೆಗೆ ಬರುವುದಿಲ್ಲ ಎಂದೆ. ಒಂದು ವರ್ಷದಲ್ಲಿ ಮಣ್ಣು ಏನು ಮಾಡಿರುತ್ತದೆ ಎಂಬುದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿಲ್ಲದ್ದೇನಲ್ಲ. ಅಕ್ಕ ಸಮಾಧಿಯ ಸುತ್ತ ಕಾಲಿನಿಂದ ಗೆರೆ ಎಳೆದಳು. ಗೆರೆಯ ಹೊರಗೆಲ್ಲ ತಾನೇ ಹೊಯ್ದಳು, ಒಳಗೆ ಒಂದು ಹನಿ ಬೀಳಗೊಡಲಿಲ್ಲ.

ಶೇಂಗಾ ಕೀಳುವ ಹೊತ್ತಿಗೆ ಮತ್ತೆ ಹೋದೆ. ಹೊಲ ಉಳಿದಿತ್ತು, ಲಾವಣಿಯ ಮಾತು ನಿಂತಿತ್ತು. ಗೆರೆಯ ಒಳಗಿನ ಗಿಡಗಳು ಮಾತ್ರ ಒಣಗಿದ್ದವು. ಇಲ್ಲಿಯೂ ಹೊಯ್ದಿದ್ದರೆ ಬದುಕುತ್ತಿದ್ದವು ಎಂದೆ.

"ಇರ್ಲಿ ಬಿಡೋ. ಅವರಿಗೆ ಹಲ್ಲರ ಎಲ್ಲಿದ್ವು, ಶೇಂಗಾ ತಿನ್ನಾಕ?"

ಹಾಗೆಂದವಳೇ ಒಂದು ಒಣಗಿದ ಗಿಡದ ಬುಡ ಕೆದಕಿದಳು. ಸಿಕ್ಕ ಒಂದೇ ಕಾಯಿಯನ್ನು ಸುಲಿದು, ಮಾವ ಇದ್ದಾಗ ಮಾಡುತ್ತಿದ್ದಂತೆ ಕಲ್ಲಿನಿಂದ ಮೆತ್ತಗೆ ಜಜ್ಜಿ, ಸಮಾಧಿಯ ಮೇಲಿಟ್ಟಳು. ತುಸು ಹೊತ್ತಿಗೆ ಇರುವೆಗಳು ಸಾಲಾಗಿ ಬಂದವು. ಅಕ್ಕ ಅವನ್ನು ಓಡಿಸಲಿಲ್ಲ.