ಜೋಡಣೆಯಮ್ಮನ ಬೆಳಗಿನ ಗುಟ್ಟು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಬಾಗಿಲು ಮುಂದಕ್ಕೆಳೆದುಕೊಂಡು, ಸ್ಟೂಲಿನ ಮೇಲೆ ಕೂತು ಜೋಡಣೆಯಮ್ಮ ಕೆಲಸ ಶುರು ಮಾಡಿದ್ದಾರೆ. ಮಡಿಲಲ್ಲಿ ಉಣ್ಣೆಯ ನೀಲಿ ಚೌಕ. ಆದರೆ ಅವರು ಹೆಣೆಯುತ್ತಿಲ್ಲ, ಬಿಚ್ಚುತ್ತಿದ್ದಾರೆ. ಎಳೆ ಸರ್ರನೆ ಬರುತ್ತದೆ. ಒಳಕೋಣೆಯ ಗೊರಕೆ ನಿಂತರೆ ಇವರ ಕೈಯೂ ನಿಲ್ಲುತ್ತದೆ, ಗೊರಕೆ ಶುರುವಾದರೆ ಮತ್ತೆ ಎಳೆಯುತ್ತಾರೆ. ಗಂಡ ಎರಡು ದಿನ ಕೂತು ಹೆಣೆದದ್ದು ಒಲೆಯ ಮೇಲಿನ ಚಹಾ ಕುದಿಯುವಷ್ಟರಲ್ಲಿ ಉಂಡೆಯಾಗಿಬಿಡುತ್ತದೆ.

"ಮಾಡ್ತಿರೋದು ಪುಣ್ಯಾನೋ ಪಾಪಾನೋ ನಂಗಂತೂ ಒಂದೂ ತಿಳೀತಿಲ್ಲ," ಎನ್ನುತ್ತಾರೆ ಪಿಸುದನಿಯಲ್ಲಿ. "ಬೇರೆಯವ್ರದ್ದೆಲ್ಲ ಜೋಡಿಸ್ತೀನಿ, ಕಟ್ಟಿಕೊಂಡವ್ರದ್ದು ಬಿಚ್ತೀನಿ."

ಆಸ್ಪತ್ರೆಯ ಬಡರೋಗಿಗಳಿಗೆ ಕಂಬಳಿ ಕೊಡುವ ಸಂಘವೊಂದಕ್ಕೆ ಹತ್ತಾರು ಬೀದಿಗಳ ಹೆಂಗಸರು ಚೌಕ ಹೆಣೆದು ಕಳಿಸುತ್ತಾರೆ. ಆರು ಅಡ್ಡ, ಎಂಟು ಉದ್ದ ಇಟ್ಟು ಹೊಲಿದರೆ ಒಂದು ಕಂಬಳಿ. ಜೋಡಿಸಿ ಹೊಲಿಯುವವರು ಇವರೊಬ್ಬರೇ, ಅದಕ್ಕೇ ಜೋಡಣೆಯಮ್ಮ. ಹೊಲಿಗೆ ಕಣ್ಣಿಗೆ ಬೀಳಬಾರದು, ಬಿದ್ದರೆ ಕೆಲಸ ಕೆಟ್ಟಂತೆ. ಹೊಲಿದವರೂ ಹಾಗೆಯೇ ಯಾರ ಕಣ್ಣಿಗೂ ಬಿದ್ದಿಲ್ಲ.

ಗೊಂದಲ ಇವರಿಗೆ ಹೊಸದಲ್ಲ. ಮೊದಮೊದಲು ಸಂಘದವರು "ಒಂದು ಗೇಣು ಚೌಕ ಸಾಕು" ಎಂದುಬಿಟ್ಟರು. ಯಾರ ಗೇಣು ಎಂದು ಹೇಳಲೇ ಇಲ್ಲ. ಗಿಡ್ಡ ಬೆರಳಿನ ಟೀಚರಮ್ಮನದು ಕರವಸ್ತ್ರದಷ್ಟು, ಆಳೆತ್ತರದ ನರ್ಸಮ್ಮನದು ದಿಂಬಿನಷ್ಟು. "ಮೂರು ದಿನ ತಲೆ ಕೆರ್ಕೊಂಡೆ. ಕೊನೆಗೆ ಚಪ್ಪಲಿ ಡಬ್ಬದ ರಟ್ಟು ಕತ್ತರಿಸಿ, ಇದೇ ಗೇಣು ಅಂತ ಮನೆಮನೆಗೂ ಕಳಿಸ್ದೆ," ಎಂದು ನಗುತ್ತಾರೆ.

ಆ ರಟ್ಟಿಗೂ ಬಗ್ಗದವರು ಮನೆಯೊಳಗೇ ಇದ್ದಾರೆ. ಯಜಮಾನರು ಜೀವಮಾನವಿಡೀ ಬಸ್ಸು ಓಡಿಸಿದವರು. ಹೋದ ವರ್ಷ ಎಡಗೈಗೆ ಲಕ್ವ ಬಡಿಯಿತು. ಬೆರಳಿಗೆ ಕೆಲಸ ಕೊಡಿ ಎಂದರು ಡಾಕ್ಟರು. ಮಾತು ಬಿಟ್ಟು ಗೋಡೆ ನೋಡುತ್ತ ಕೂತಿದ್ದ ಮನುಷ್ಯ ಹೆಣಿಗೆಯ ಕಡ್ಡಿ ಹಿಡಿದ ಮೇಲೆ ಮತ್ತೆ ಮನುಷ್ಯನಾದರು. ಆದರೆ ಶುರುವಿನಲ್ಲಿ ಬಿಗಿಯಾಗಿ ಹೆಣೆಯುವ ಕೈ ಹೋಗ್ತಾ ಹೋಗ್ತಾ ಸೋತು ಸಡಿಲವಾಗುತ್ತದೆ. ಚೌಕದ ಒಂದು ಅಂಚು ನೆಟ್ಟಗೆ, ಇನ್ನೊಂದು ಓರೆ; ಕೆಳಗೆ ಸಣ್ಣ, ಮೇಲೆ ಅಗಲ. ಅಂಥದೊಂದನ್ನು ಸೇರಿಸಿ ಹೊಲಿದ ಕಂಬಳಿ ನಡುವೆ ಮುದುಡಿ, ಸಂಘದಿಂದ ಬಂದ ದಾರಿಗೆ ಸುಂಕವಿಲ್ಲದೆ ವಾಪಸು ಬಂತು.

ಹೇಳಿದರೆ ಅವರು ಮತ್ತೆ ಗೋಡೆ ನೋಡುತ್ತಾರೆ. ಹೇಳದಿದ್ದರೆ ಸುಳ್ಳು. ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ. ಹಾಗಾಗಿ ಯಜಮಾನರು ಹೆಣೆದದ್ದನ್ನು ಜೋಡಣೆಯಮ್ಮ ಬೆಳಗ್ಗೆ ಬಿಚ್ಚಿ, ಉಂಡೆ ಮಾಡಿ, "ಹೊಸ ಉಲ್ಲನ್ ಬಂತು" ಎಂದು ಅವರಿಗೇ ಕೊಡುತ್ತಾರೆ. "ನಂದು ಹೋಯ್ತಾ ಆಸ್ಪತ್ರೆಗೆ?" ಎಂದು ಅವರು ಕೇಳಿದಾಗಲೆಲ್ಲ ಇವರು "ಹೂಂ" ಎನ್ನುತ್ತಾರೆ.

ಇವತ್ತು ಹತ್ತು ಗಂಟೆಗೆ ಸಂಘದ ವ್ಯಾನು ಬರುತ್ತದೆ. ಟೀಚರಮ್ಮನಿಗೆ ಜ್ವರ, ಅವರ ಎರಡು ಚೌಕ ಬಂದಿಲ್ಲ. ಮೇಜಿನ ಮೇಲೆ ಹರಡಿದ ಕಂಬಳಿಯ ಮೂಲೆ ಖಾಲಿ. ಈಗ ಹೆಣೆಯಲು ಕೂತರೆ ಒಂದು ಮುಗಿಯುವಷ್ಟರಲ್ಲೇ ಮಧ್ಯಾಹ್ನ. ಕೈಯಲ್ಲಿ ಬಿಚ್ಚಿದ ಉಂಡೆ ಹಿಡಿದು ಖಾಲಿ ಜಾಗವನ್ನೇ ನೋಡುತ್ತ ನಿಂತಿದ್ದಾರೆ, ಗೊರಕೆ ನಿಂತದ್ದು ಗೊತ್ತೇ ಆಗಿಲ್ಲ.

"ಬಿಚ್ಚಾಯ್ತಾ?" ಬಾಗಿಲಲ್ಲಿ ಯಜಮಾನರು.

ಉಂಡೆ ಕೈಜಾರಿ ಒಲೆಕಟ್ಟೆಯ ಕೆಳಗೆ ಉರುಳುತ್ತದೆ. ಜೋಡಣೆಯಮ್ಮನ ಬಾಯಿಂದ ಬರುವುದು, "ಚಹಾ ಕೊಡ್ಲಾ?"

"ನಂಗೆ ಎರಡನೇ ಉಂಡೆಗೇ ಗೊತ್ತಾಯ್ತು ಕಣೇ. ಅಂಗಡಿ ಉಲ್ಲನ್ ನೆಟ್ಟಗಿರುತ್ತೆ. ನೀನು ಕೊಡೋದು ಗುಂಗುರು ಗುಂಗುರು. ಸೋತಿರೋದು ಕೈ, ಕಣ್ಣಲ್ಲ."

"ಮತ್ತೆ... ಕೇಳ್ತಾನೇ ಇದ್ರಲ್ಲ, ಹೋಯ್ತಾ ಹೋಯ್ತಾ ಅಂತ?"

"ಕೇಳದೇ ಇದ್ರೆ ನಿಂಗೆ ಗೊತ್ತಾಗ್ಬಿಡ್ತಿತ್ತು, ನಂಗೆ ಗೊತ್ತಾಗಿದೆ ಅಂತ."

ಇದರ ತಲೆಬುಡ ಅರ್ಥವಾಗದೆ ಹೆಂಡತಿ ಕಣ್ಣು ಕಣ್ಣು ಬಿಡುತ್ತಾರೆ. ಯಾರು ಯಾರಿಗೆ ಸುಳ್ಳು ಹೇಳಿದ್ದು? ಸಿಟ್ಟು ಮಾಡಬೇಕೋ, ತಪ್ಪಾಯ್ತು ಅನ್ನಬೇಕೋ? ಅಷ್ಟರಲ್ಲಿ ಯಜಮಾನರು ಬನಿಯನ್ನೊಳಗಿಂದ ಎರಡು ಹಸಿರು ಚೌಕ ತೆಗೆಯುತ್ತಾರೆ. ಹೋದ ವಾರ ಹೆಣೆದು ದಿಂಬಿನಡಿ ಬಚ್ಚಿಟ್ಟವು. ಎರಡೂ ಸೊಟ್ಟವೇ. ಒಂದನ್ನು ಖಾಲಿ ಮೂಲೆಯಲ್ಲಿಟ್ಟು, ಇನ್ನೊಂದನ್ನು ತಲೆಕೆಳಗು ಮಾಡಿ ಪಕ್ಕಕ್ಕೆ ಸರಿಸುತ್ತಾರೆ. ಒಂದರ ಅಗಲಕ್ಕೆ ಇನ್ನೊಂದರ ಸಣ್ಣ ತುದಿ ಒತ್ತಿ ಕೂರುತ್ತದೆ. ಹೊರಗಿನ ಅಂಚು ನೆಟ್ಟಗೆ, ನಡುವಿನ ಗೆರೆ ಮಾತ್ರ ಓರೆ.

"ಡಿಪೋದಲ್ಲಿ ಜಾಗ ಸಾಲದಾಗ ಬಸ್ಸುಗಳ್ನ ಹಿಂಗೇ ನಿಲ್ಲಿಸ್ತಿದ್ವಿ. ಎಲ್ಲಾ ಒಂದೇ ಕಡೆ ಮೂತಿ ಮಾಡಿದ್ರೆ ಕನ್ನಡಿಗೆ ಕನ್ನಡಿ ತಾಗುತ್ತೆ. ಒಂದನ್ನ ರಿವರ್ಸ್ ಹಾಕಿದ್ರೆ ಆಯ್ತು."

ಜೋಡಣೆಯಮ್ಮ ರಟ್ಟು ತಂದು ಅಳೆಯುತ್ತಾರೆ. ತಿರುಗಿಸಿ ಅಳೆಯುತ್ತಾರೆ. ಎರಡು ಸೇರಿ ಸರಿಯಾಗಿ ಎರಡು ರಟ್ಟು. ವರ್ಷಗಟ್ಟಲೆ ಜೋಡಿಸಿದ ಕೈಗೆ ಇದು ಹೊಳೆಯಲಿಲ್ಲವಲ್ಲ ಎಂದು ನಗುತ್ತಾರೆ, ನಗುತ್ತಲೇ ಅಳುತ್ತಾರೆ. ಯಾಕೆ ಅಳುತ್ತಿದ್ದೇನೆ ಎಂದು ಅವರಿಗೇ ಗೊತ್ತಿಲ್ಲ. "ಬಿಚ್ಚಿ ಹಾಕಿದ್ದೆಲ್ಲ ಹಾಳಾಯ್ತಲ್ರೀ," ಎಂದರೆ, "ಹಾಳೆಲ್ಲಿ? ಕೈ ಸರಿಹೋಗ್ತಾ ಇಲ್ವಾ?" ಎನ್ನುತ್ತಾರೆ ಅವರು.

ಹತ್ತಕ್ಕೆ ವ್ಯಾನು ಬಂದಾಗ ಹೊಲಿಗೆ ಮುಗಿದಿದೆ. ಸಂಘದ ಹೆಂಗಸು ಕಂಬಳಿ ಬಿಡಿಸಿ, ಮೂಲೆಯ ಮೇಲೆ ಬೆರಳಾಡಿಸಿ ಹುಬ್ಬೇರಿಸುತ್ತಾರೆ. "ನಿಮ್ಮ ಹೊಲಿಗೆ ಯಾವತ್ತೂ ಕಾಣಲ್ಲ. ಇಲ್ಲಿ ಓರೆಯಾಗಿ ಕಾಣ್ತಿದೆಯಲ್ಲಮ್ಮ?"

ಬಾಗಿಲ ಹಿಂದೆ ಯಜಮಾನರು ಕಿವಿಗೊಟ್ಟು ನಿಂತಿದ್ದಾರೆ.

"ಕಾಣ್ಲಿ ಬಿಡಿ," ಎನ್ನುತ್ತಾರೆ ಜೋಡಣೆಯಮ್ಮ. "ಅವೆರಡು ನಮ್ಮನೆಯವ್ರು ಹೆಣೆದದ್ದು."