ಒಂದೂವರೆ ಜನದ ಬೆಳಕು

ಕರೆಂಟು ಹೊಡೆದದ್ದು ಎಡಗೈಗೆ ಎಂದು ಈವರೆಗೆ ಹೇಳಿಕೊಂಡು ಬಂದಿದ್ದೇನೆ. ಬರೆಯಲು ಕೂತಾಗ ಅನುಮಾನ ಬಂತು. ಎಡಗೈ ಗಿಟಾರಿನ ತಂತಿಗಳ ಮೇಲಿತ್ತು; ಮೈಕಿನ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿದ್ದು ಬಲಗೈ. ಹಾಗಾದರೆ ಹೊಡೆತ ಒಂದು ಕೈಯಿಂದ ಇನ್ನೊಂದಕ್ಕೆ, ಎದೆಯ ಮೂಲಕ ಹಾದುಹೋಗಿರಬೇಕು. ಇದು ನನಗೆ ಆಗಲೇ ಹೊಳೆಯಿತೋ, ಆಮೇಲೆ ಸೇರಿಸಿಕೊಂಡೆನೋ ಗೊತ್ತಿಲ್ಲ. ಹೆದರಿಕೆ ಮಾತ್ರ ಆಗಿನದೇ.

ಮೊಳಕಾಲ್ಮೂರಿನ ಒಂದು ಕಲ್ಯಾಣ ಮಂಟಪದಲ್ಲಿ ಕಾಲೇಜು ಹುಡುಗರ ಕಾರ್ಯಕ್ರಮ. ನಮ್ಮದು ನಾಲ್ಕು ಜನರ ರಾಕ್ ಬ್ಯಾಂಡು. ಚಳ್ಳಕೆರೆಯಿಂದ ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಬೆಳಿಗ್ಗೆಯೇ ಬಂದಿದ್ದೆವು. ಶುರುವಾಗುವುದು ಮಧ್ಯಾಹ್ನ ಮೂರಕ್ಕೆ. ಹಗಲಿನಲ್ಲಿ ಲೈಟು ಕಾಣಬೇಕಲ್ಲ, ಅದಕ್ಕೆ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿಸಿದ್ದರು. ಒಳಗೆ ಕುರಿಯುಣ್ಣೆಯ ವಾಸನೆ, ಸೆಕೆ. ಫೋಕಸ್ ಲೈಟು ಒಂದೇ ಒಂದು. ಅದರ ಬೆಳಕು ನೆಲದ ಮೇಲೆ ಬೀಳುತ್ತಿದ್ದದ್ದು ಒಂದೂವರೆ ಜನ ನಿಲ್ಲುವಷ್ಟು ಅಗಲ.

ಆ ಬೆಳಕು ಯಾವಾಗಲೂ ಹಾಡುಗಾರನದು. ಅವನ ಮನೆ ಮಂಟಪದಿಂದ ಎರಡೇ ಬೀದಿ ಆಚೆ. ಮನೆಯೊಳಗೆ ರೇಷ್ಮೆ ಸೀರೆಯ ಮಗ್ಗ. ಚಪ್ಪಲಿ ಕಾಲಲ್ಲಿ ಮಗ್ಗದ ಹತ್ತಿರ ಸುಳಿಯುವವರಲ್ಲ ಅವರು. ಆ ಅಭ್ಯಾಸವನ್ನು ಅವನು ಸ್ಟೇಜಿಗೂ ತಂದಿದ್ದ. ಹಾಡುವುದು ಬರಿಗಾಲಲ್ಲೇ. ನಾನು ಗಿಟಾರಿನವನು, ಪಕ್ಕದ ಕತ್ತಲಲ್ಲಿ ನಿಲ್ಲುವವನು. ಕತ್ತಲಲ್ಲಿ ಎಷ್ಟು ಚೆನ್ನಾಗಿ ನುಡಿಸಿದರೂ ಆ ಕೈ ಯಾರದೆಂದು ಜನಕ್ಕೆ ತಿಳಿಯುವುದಿಲ್ಲ. ಅಂದು ಬೆಳಿಗ್ಗೆ ಕೇಳಿಯೇ ಬಿಟ್ಟೆ.

"ಕೊನೇ ಹಾಡಿಗೆ ಫೋಕಸ್ನಾಗೆ ನಾನೂ ನಿಲ್ತೀನಿ."

"ನಿಲ್ಲಲೇ, ಯಾರ್ ಬ್ಯಾಡ ಅಂದ್ರು? ಆದ್ರೆ ನಿನ್ ಡಬ್ಬ ಗುಂಯ್ ಅಂತೈತಲ್ಲ! ಕಿವಿ ಪಕ್ಕ ಜೇನುಗೂಡು ಇಟ್ಕಂಡು ನಾನ್ ಹೆಂಗ್ ಶ್ರುತಿ ಹಿಡೀಲಿ? ಮೊದ್ಲು ಅದ್ನ ನಿಲ್ಸು, ಆಮೇಲ್ ಬಾ."

ಡಬ್ಬ ಎಂದರೆ ನನ್ನ ಗಿಟಾರಿನ ಹಳೆಯ ಆಂಪ್ಲಿಫೈಯರು. ಅದರ ಗುಂಯ್‌ಗುಡುವಿಕೆಗೆ ನಮ್ಮಂಥವರಲ್ಲಿ ಒಂದು ಕಳ್ಳ ಉಪಾಯವಿದೆ: ಪ್ಲಗ್ಗು ಬಿಚ್ಚಿ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿನ ಹಸಿರು ತಂತಿಯನ್ನು ಕತ್ತರಿಸಿಬಿಡುವುದು. ಬ್ಲೇಡಿನಿಂದ ಕತ್ತರಿಸಿದೆ. ಸದ್ದು ಸತ್ತುಹೋಯಿತು. "ಭಲೇ ಮೇಷ್ಟ್ರೇ!" ಎಂದು ಹಾಡುಗಾರ ಕೈ ಮುಗಿದ.

ಹತ್ತು ನಿಮಿಷದ ಮೇಲೆ ನಾನು ಮೈಕ್ ಸ್ಟ್ಯಾಂಡು ಸರಿಸಿದ್ದು. ಯಾರೋ ತೋಳನ್ನು ಒಳಗಿನಿಂದ ಹಿಡಿದು ಜಗ್ಗಿದ ಹಾಗಾಯಿತು. ಯಾರೂ ನೋಡಲಿಲ್ಲ. ಕಾಲಲ್ಲಿ ರಬ್ಬರು ಅಡಿಯ ಬೂಟು ಇದ್ದದ್ದರಿಂದ ಗಿಟಾರನ್ನು ಮಾತ್ರ ಮುಟ್ಟಿದರೆ ನನಗೇನೂ ಆಗುತ್ತಿರಲಿಲ್ಲ; ಕರೆಂಟಿಗೆ ನೆಲದ ದಾರಿ ಕೊಟ್ಟದ್ದು ಮೈಕಿನ ಸ್ಟ್ಯಾಂಡು. ಡಬ್ಬದಿಂದ ಸೋರಿದ ಕರೆಂಟು ಗಿಟಾರಿನ ತಂತಿಗಳ ಮೇಲೆ ಬಂದು ಕೂತಿತ್ತು. ತಂತಿ ಹಿಡಿದ ನನ್ನನ್ನು, ಒಂದು ಕೈಯಲ್ಲಿ ಮೈಕು ಹಿಡಿದ ಬರಿಗಾಲಿನ ಮನುಷ್ಯನೊಬ್ಬ ಮುಟ್ಟಿದರೆ ಅದು ಅವನ ಮೈಯೊಳಗಿಂದ ನೆಲಕ್ಕೆ ದಾರಿ ಕಂಡುಕೊಳ್ಳುತ್ತದೆ. ಹಾಡುಗಾರನಿಗೋ ಪಕ್ಕದವರ ಕತ್ತು ತಬ್ಬಿಕೊಂಡೇ ಹಾಡುವ ಚಟ.

ಕತ್ತರಿಸಿದ ತಂತಿ ಜೋಡಿಸಲು ಐದು ನಿಮಿಷ ಸಾಕಿತ್ತು. ಜೋಡಿಸಿದರೆ ಗುಂಯ್ ಸದ್ದು ವಾಪಸ್ಸು, ನಾನು ಕತ್ತಲಿಗೆ ವಾಪಸ್ಸು. ಅವನಿಂದ ಒಂದು ಮಾರು ದೂರ ಕಾಯ್ದುಕೊಂಡರಾಯಿತು ಎಂದುಕೊಂಡೆ. ಒಂದೂವರೆ ಜನದ ಬೆಳಕಿನಲ್ಲಿ ಒಂದು ಮಾರು ದೂರ!

ಕೆಲವು ದಿನ ನನ್ನ ನೆನಪು ಬೇರೆ ಥರ ಹೇಳುತ್ತದೆ: ಕರೆಂಟು ಹೊಡೆದದ್ದು ಕಾರ್ಯಕ್ರಮ ಮುಗಿದ ಮೇಲೆ, ಸಾಮಾನು ಕಟ್ಟುವಾಗ, ಅಲ್ಲಿಯವರೆಗೆ ನನಗೇನೂ ತಿಳಿದಿರಲಿಲ್ಲ. ಈ ಕಥೆ ನನಗೆ ಬಹಳ ಹಿತವಾಗಿದೆ. ಅದಕ್ಕೇ ಅದನ್ನು ನಂಬುವುದಿಲ್ಲ.

ಮೊದಲ ಹಾಡುಗಳಲ್ಲಿ ಏನೇನು ನುಡಿಸಿದೆನೋ ತಿಳಿಯದು. ಅವನ ಪಾದಗಳನ್ನೇ ನೋಡುತ್ತಿದ್ದೆ. ಸೆಕೆಗೆ ಬೆವರಿ, ಸಿಮೆಂಟು ನೆಲದ ಮೇಲೆ ಒದ್ದೆ ಗುರುತು ಬಿಡುತ್ತಿದ್ದವು. ಗುರುತು ಆರುವ ಮೊದಲೇ ಇನ್ನೊಂದು.

ಕೊನೆಯ ಹಾಡು ಬಂತು. ಬೆಳಕು ನನ್ನ ಕಡೆ ತಿರುಗಿತು, ಅದರ ಜೊತೆಗೆ ಅವನೂ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವನು ಒಂದು ಹೆಜ್ಜೆ ಮುಂದೆ ಬಂದ. ಇನ್ನೊಂದು ಹೆಜ್ಜೆ ಸರಿದೆ. ಲೈಟಿನವನು ಮೇಲಿನಿಂದ ಕೂಗಿದ: "ಹತ್ರ ನಿಂತ್ಕಳ್ರಣ್ಣಾ, ಎಲ್ಲಿಗ್ ಹೋಗ್ತೀರಾ!" ನಾನು ಡ್ರಮ್ಮಿನ ಹಿಂದಿನಿಂದ ಸುತ್ತು ಹಾಕಿದೆ, ಅವನು ಹಾಡುತ್ತಲೇ ಬೆನ್ನು ಹತ್ತಿದ. ಇದು ಆಟವೆಂದುಕೊಂಡು ಹುಡುಗರು ಸಿಳ್ಳೆ ಹೊಡೆದರು.

"ಹಿಡೀಲೇ ಅವ್ನ್ನ! ಬಿಡಬ್ಯಾಡ!"

ಹಿಂದೆ ಗೋಡೆ ಸಿಕ್ಕಿತು. ಅವನು ನಗುತ್ತಾ, ಒಂದು ಕೈಯಲ್ಲಿ ಮೈಕು ಹಿಡಿದು ಇನ್ನೊಂದನ್ನು ನನ್ನ ಕತ್ತಿನ ಕಡೆ ಚಾಚಿದ. ನಾನು ಗಿಟಾರಿನ ವೈರು ಕಿತ್ತು ನೆಲಕ್ಕೆ ಎಸೆದೆ. ಸ್ಪೀಕರು ಡಬ್ ಎಂದಿತು. ಅವನ ಒದ್ದೆ ತೋಳು ನನ್ನ ಕತ್ತಿನ ಮೇಲೆ ಬಿತ್ತು. ಕಣ್ಣು ಮುಚ್ಚಿಕೊಂಡೆ. ಏನೂ ಆಗಲಿಲ್ಲ. ಡ್ರಮ್ಮು ನಡೆದೇ ಇತ್ತು. ಅವನು ಹಾಡು ಮುಗಿಸುವವರೆಗೂ ಆ ಬೆಳಕಿನಲ್ಲಿ ಮೂಕ ಗಿಟಾರಿನ ಮೇಲೆ ಬೆರಳಾಡಿಸುತ್ತ ನಿಂತಿದ್ದೆ.

ಮುಗಿದ ಮೇಲೆ ಹಿಂದಿನ ಮೆಟ್ಟಿಲ ಮೇಲೆ ಕೂತೆವು.

"ಏಮ್ರಾ," ಎಂದ ಅವನು, ಆಂಧ್ರದ ಗಡಿಯವರ ಹಾಗೆ ತೆಲುಗಿನಲ್ಲಿ ಶುರುಮಾಡಿ, "ನನ್ ಬಾಯಿ ಅಷ್ಟು ನಾರ್ತೈತಾ? ನೋಡಾಕ್ ಬಂದ ಗಂಡು ಕಂಡ್ ಹೆಣ್ಣಿನಂಗೆ ಓಡ್ದೆ."

ಕರೆಂಟಿನ ವಿಷಯ ಹೇಳಿದೆ. ನಗುತ್ತಿದ್ದವನು ಎದ್ದುಹೋಗಿ ಮೈಕಿನವರಿಂದ ಟೆಸ್ಟರು ತಂದ. ವೈರು ಮತ್ತೆ ಚುಚ್ಚಿಸಿ ಗಿಟಾರಿನ ತಂತಿಗೆ ಟೆಸ್ಟರು ಇಟ್ಟ. ಅದರ ಹೊಟ್ಟೆಯಲ್ಲಿ ಕೆಂಪಗೆ ಹೊತ್ತಿಕೊಂಡಿತು. ಟೆಸ್ಟರು ತೆಗೆದು ನನ್ನ ಕಡೆ ತಿರುಗಿದ.

"ಯಾವಾಗ್ ಗೊತ್ತಾತು ನಿಂಗೆ?"

"ಆಗ್ಲೇ. ನೀನು ಹತ್ರ ಬಂದಾಗ, ಕೈ ಜುಮ್ ಅಂತು."

"ಬೆಳಿಗ್ಗೆ ಗೊತ್ತಿರ್ಲಿಲ್ವಾ?"

"ಇಲ್ಲ."

ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಮೊದಲು ಕೈ ಬಿಡಿಸಿಕೊಂಡದ್ದು ಅವನೋ ನಾನೋ ಹೇಳಲಾರೆ. "ಇಲ್ಲ" ಎಂದದ್ದು ಮಾತ್ರ ನಾನೇ.

ಈಗಲೂ ಜೊತೆಗೆ ನುಡಿಸುತ್ತೇವೆ. ಅರ್ಥಿಂಗನ್ನು ಅಂದೇ ಸರಿಮಾಡಿಸಿದೆ. ಸ್ಟೇಜು ಹತ್ತುವ ಮುಂಚೆ ಮೂರು ಸಲ ಪರೀಕ್ಷಿಸುತ್ತೇನೆ. ಗುಂಯ್ ಅಂದರೆ ಅನ್ನಲಿ ಬಿಡು ಎನ್ನುತ್ತಾನೆ ಅವನು. ಒಂದು ಹಾಡಲ್ಲ, ಈಗ ಮೂರು ಹಾಡಿಗೆ ನನ್ನನ್ನು ಬೆಳಕಿಗೆ ಎಳೆದುಕೊಳ್ಳುತ್ತಾನೆ. ಹೆಗಲ ಮೇಲೆ ಕೈ ಹಾಕಿ ಮೈಕಿನಲ್ಲೇ ಹೇಳುತ್ತಾನೆ: "ಇವ್ನು ನನ್ ಜೀವ ಉಳ್ಸಿದವ್ನು ಕಣ್ರೀ!" ಜನ ಚಪ್ಪಾಳೆ ತಟ್ಟುತ್ತಾರೆ. ಲೈಟಿನವನು ಅವನನ್ನು ಬಿಟ್ಟು ಇಡೀ ಬೆಳಕನ್ನು ನನ್ನ ಮುಖದ ಮೇಲೆ ತಂದು ನಿಲ್ಲಿಸುತ್ತಾನೆ, ಚಪ್ಪಾಳೆ ಮುಗಿಯುವವರೆಗೂ ಕದಲಿಸುವುದಿಲ್ಲ.